ಗೋಡೆಗೆ ಮುಖ ಮಾಡಿ ಕೂತ ಮೇಷ್ಟ್ರು

ಶಿವಮೊಗ್ಗದ ವಿನೋಬನಗರದ ಆ ಅಡ್ಡರಸ್ತೆಯಲ್ಲಿ ಕ್ರಿಕೆಟ್ ನೋಡುವ ಹಕ್ಕು ಎಲ್ಲರಿಗೂ ಇತ್ತು, ಶಂಕರನಾರಾಯಣ ಮೇಷ್ಟ್ರೊಬ್ಬರನ್ನು ಬಿಟ್ಟು. ಅವರಿಗೆ ಇದ್ದದ್ದು ಕೇಳುವ ಹಕ್ಕು ಮಾತ್ರ. ಅದೂ ಗೋಡೆಗೆ ಮುಖ ಮಾಡಿಕೊಂಡು.

ಈ ತೀರ್ಪು ಕೊಟ್ಟವರು ಪಕ್ಕದ ಮನೆಯ ಭೈರಪ್ಪ. ಹೊಳೆಹೊನ್ನೂರಿನ ಜಮೀನನ್ನು ತಮ್ಮನಿಗೆ ವಹಿಸಿ, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾಗಿ, ಈಗ ಪೂರ್ಣಾವಧಿ ಕ್ರಿಕೆಟ್ಟಿಗೆ ಸೇರಿದ್ದ ಮನುಷ್ಯ. ಮ್ಯಾಚಿನ ದಿನ ಅವರ ನಡುಮನೆ ರಸ್ತೆಗೆಲ್ಲ ತೆರೆದಿರುತ್ತಿತ್ತು. ಹೆಂಡತಿ ಶಾಂತಮ್ಮ ಮಂಡಕ್ಕಿ ಕಲಸಿ ಕಲಸಿ ಅವರ ಕೈಗೇ ಈರುಳ್ಳಿ ವಾಸನೆ ಖಾಯಂ ಆಗಿತ್ತು.

ಮೇಷ್ಟ್ರ ಮೇಲಿನ ಆರೋಪ ಸಣ್ಣದಲ್ಲ. ಒಮ್ಮೆ ನಮ್ಮ ಆಟಗಾರನೊಬ್ಬ ಶತಕದ ಹೊಸಿಲಲ್ಲಿ ನಿಂತಿದ್ದ. ಮೇಷ್ಟ್ರು ಕನ್ನಡಕ ಒರೆಸಿ, ಮೂಗಿಗೇರಿಸಿ, ಟಿವಿಯ ಕಡೆ ದೃಷ್ಟಿ ಹಾಯಿಸಿದರು. ಅವನು ಔಟ್. ಮುಂದಿನವನು ಬಂದ, ಮೇಷ್ಟ್ರು ನೋಡಿದರು, ಅವನೂ ಔಟ್. ಮೇಷ್ಟ್ರು ಬಚ್ಚಲಿಗೆ ಹೋಗಿದ್ದಾಗ ಇಬ್ಬರು ನೆಲೆಯೂರಿ ಆಡಿದರು. ಮೇಷ್ಟ್ರು ಪಂಚೆ ಸರಿಮಾಡಿಕೊಂಡು ವಾಪಸು ಬಂದರು. ಆ ಜೋಡಿಯೂ ಮುರಿಯಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟಿಗೆ ಬೇಕು?

"ಮೇಷ್ಟ್ರೇ," ಎಂದಿದ್ದರು ಭೈರಪ್ಪ, ಕೈಮುಗಿದು. "ನಿಮ್ಮ ಮೇಲೆ ನಂಗೆ ಗೌರವ ಇದೆ. ನಿಮ್ಮ ದೃಷ್ಟಿ ಮೇಲೆ ಇಲ್ಲ. ಬನ್ನಿ, ಮಂಡಕ್ಕಿ ತಿನ್ನಿ, ಕಾಫಿ ಕುಡೀರಿ. ಆದ್ರೆ ಟಿವಿ ಕಡೆ ಮಾತ್ರ ತಿರುಗ್ಬೇಡಿ ಮಾರಾಯ್ರೆ!"

ಹೈಸ್ಕೂಲಿನಲ್ಲಿ ತಲೆಮಾರುಗಟ್ಟಲೆ ಹುಡುಗರಿಗೆ ಸಂಸ್ಕೃತ ಕಲಿಸಿ, ಅದೆಷ್ಟೋ ಜನರನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದ ಮೇಷ್ಟ್ರು, ಈಗ ತಾವೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತರು. ಅವರಿಗೆ ಬದುಕಿನಲ್ಲಿ ಇನ್ನು ಬೇರೇನೂ ಆಸೆ ಉಳಿದಿರಲಿಲ್ಲ. ಒಂದೇ ಒಂದು ದಿನ ಎಲ್ಲರ ಜೊತೆ ಮುಂದಿನ ಸಾಲಿನಲ್ಲಿ ಕೂತು, ಗೆಲುವಿನ ಹೊಡೆತವನ್ನು ಕಣ್ಣಾರೆ ಕಂಡು, 'ಹೋ' ಎಂದು ಕೂಗಬೇಕು. ಇಷ್ಟೇ.

ಮನೆಯಲ್ಲೇ ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಒಬ್ಬರೇ ಕೂತು ನೋಡುವ ಕ್ರಿಕೆಟ್ಟು, ಒಬ್ಬರೇ ಕೂತು ಆಡುವ ಚೌಕಾಬಾರದ ಹಾಗೆ. ಅದೂ ಅಲ್ಲದೆ ಮನೆಯ ಟಿವಿ ಹೆಂಡತಿ ಜಯಾ ಅವರ ಸ್ವಾಧೀನದಲ್ಲಿತ್ತು. ಆಕೆ ಹಗಲಿಡೀ ಧಾರಾವಾಹಿ ನೋಡುತ್ತಾಳೆಂದು ಮೇಷ್ಟ್ರು ನಂಬಿದ್ದರು. ನಿಜಸಂಗತಿ ಬೇರೆ. ಗಂಡ ಹೊಸಿಲು ದಾಟಿದ ಕೂಡಲೇ ಜಯಾ ಕ್ರಿಕೆಟ್ ಹಾಕುತ್ತಿದ್ದರು. ಪಕ್ಕದಲ್ಲಿದ್ದರೆ ಮೇಷ್ಟ್ರು ಎಲ್‌ಬಿಡಬ್ಲ್ಯೂ ಎಂದರೇನು ಎಂದು ಪಾಠ ಶುರು ಮಾಡುತ್ತಾರೆಂಬ ಭಯ ಆಕೆಗೆ.

ಹೀಗಿರುವಾಗ ಮೇಷ್ಟ್ರ ಕಿವಿ ಕೈಕೊಟ್ಟಿತು. ಮನೆಯ ಟಿವಿಯ ಸದ್ದು ಏರುತ್ತ ಏರುತ್ತ ಮೂಲೆಯ ಹಾಲಿನ ಬೂತಿನವರೆಗೂ ಮುಟ್ಟಿತು. ದಾವಣಗೆರೆಯಿಂದ ಮಗಳು ದೀಪಶ್ರೀ ಬಂದು, ಅಪ್ಪನ ಕಿವಿಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಮಷೀನು ಸಿಕ್ಕಿಸಿದಳು. ಟಿವಿಯ ಹಿಂದೆ ಒಂದು ಕಪ್ಪು ಡಬ್ಬಿ ಇಟ್ಟಳು. ಟಿವಿಯ ಮಾತು ಆ ಡಬ್ಬಿಯಿಂದ ತಂತಿಯಿಲ್ಲದೆ ನೇರ ಅಪ್ಪನ ಕಿವಿಗೆ ಹೋಗುತ್ತದೆ. ಡಬ್ಬಿ ಮಾತಾಡುವಾಗ ಹೊರಗಿನವರ ಮಾತು ಅಷ್ಟಾಗಿ ಕೇಳುವುದಿಲ್ಲ ಎಂದೆಲ್ಲ ವಿವರಿಸಿದಳು. ಆದರೆ ವಿವರಿಸುವಾಗ ಮಷೀನು ಚಾರ್ಜಿನಲ್ಲಿತ್ತು. ಹಾಗಾಗಿ ಮೇಷ್ಟ್ರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿದರು.

ಇಲ್ಲಿಯವರೆಗೆ ಎಲ್ಲ ಲೋಕರೂಢಿ. ಮೇಷ್ಟ್ರು ಎಡವಿದ್ದು ಮುಂದೆ. ಶುದ್ಧ ಉಚ್ಚಾರಣೆಯ ಮೇಲೆ ಬದುಕಿದ ತಾವು ಕಿವಿಗೆ ಮಷೀನು ಹಾಕಿದ್ದು ರಸ್ತೆಯವರಿಗೆ ಗೊತ್ತಾದರೆ ಮಾನ ಹೋಯಿತೆಂದು, ಕ್ಷೌರದಂಗಡಿಗೆ ಹೋಗುವುದನ್ನೇ ನಿಲ್ಲಿಸಿ ಕಿವಿಯ ಮೇಲೆ ಕೂದಲು ಬೆಳೆಸಿದರು. ಬೆಳ್ಳಿಯಂಥ ಕೂದಲು ಭುಜದ ಹತ್ತಿರ ಬಂತು.

"ಏನ್ರೀ, ಮೇಷ್ಟ್ರು ಏನಾದ್ರೂ ವ್ರತ ಹಿಡಿದಿದಾರಾ?" ಎಂದು ಶಾಂತಮ್ಮ ಗಂಡನನ್ನು ಕೇಳಿದರು. ಬೀಜ ಬಿದ್ದದ್ದು ಅಲ್ಲೇ.

ಅಷ್ಟರಲ್ಲಿ ಹೊಸ ಪಂದ್ಯಾವಳಿ ಬಂತು; ಅದರ ಮೊದಲ ಮ್ಯಾಚು ಭಾನುವಾರ ಮಧ್ಯಾಹ್ನ. ಭೈರಪ್ಪ ಹಳೆಯ ಟಿವಿ, ಕೇಬಲ್ಲು ಎರಡನ್ನೂ ಕಿತ್ತುಹಾಕಿ, ಬಾಗಿಲಿನಷ್ಟು ಅಗಲದ ಹೊಸ ಟಿವಿ ತಂದು ಇಂಟರ್ನೆಟ್ಟಿಗೆ ಸೇರಿಸಿದ್ದರು. ಕುಂಕುಮ ಹಚ್ಚಿ, ಮೂಲೆಗೊಂದು ನಿಂಬೆಹಣ್ಣು ಇಟ್ಟಿದ್ದರು. ಮೇಷ್ಟ್ರು ಎಂದಿನಂತೆ ಬಂದು, ಎಂದಿನ ಕುರ್ಚಿಯಲ್ಲಿ, ಎಂದಿನ ಗೋಡೆಗೆ ಮುಖ ಮಾಡಿ ಕೂತರು. ಅದು ಎರಡೂ ಮನೆಗೆ ಸೇರಿದ ಒಂದೇ ಗೋಡೆ. ಆಚೆ ಬದಿಗೆ ಅವರದೇ ಮನೆಯ ಟಿವಿ.

ಕಿವಿಯಲ್ಲಿ ಕನ್ನಡ ಕಾಮೆಂಟರಿ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಮೇಷ್ಟ್ರು ಹಿಗ್ಗಿದರು.

"ಅಯ್ಯೋ, ಔಟ್!" ಎಂದರು ಸ್ವಲ್ಪ ಹೊತ್ತಿಗೆ.

"ಯಾರ್ರೀ ಔಟು? ಬಾಯಿ ಬಿಟ್ರೆ ಅಪಶಕುನ!" ಎಂದು ಭೈರಪ್ಪ ಸಿಡುಕಿದರು. ಅವರು ಬಾಯಿ ಮುಚ್ಚಿ ಒಂದು ಹಿಡಿ ಮಂಡಕ್ಕಿ ಅಗಿಯುವಷ್ಟರಲ್ಲಿ ಹೊಸ ಟಿವಿಯಲ್ಲಿ ಸ್ಟಂಪು ಹಾರಿತು.

ಮಂಡಕ್ಕಿ ಹಿಡಿದ ಕೈಗಳೆಲ್ಲ ಅರ್ಧ ದಾರಿಯಲ್ಲೇ ನಿಂತವು.

"ಸಿಕ್ಸರ್! ಭೇಷ್!" ಎಂದರು ಮೇಷ್ಟ್ರು ಗೋಡೆಗೆ. ಎಲ್ಲರೂ ಟಿವಿ ನೋಡಿದರು. ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಉಜ್ಜುತ್ತಿದ್ದ. ಓಡಿ ಬಂದ, ಎಸೆದ, ಚೆಂಡು ಪ್ರೇಕ್ಷಕರ ತಲೆಯ ಮೇಲಿಂದ ಹೋಯಿತು.

ಅಡುಗೆಮನೆಯ ಬಾಗಿಲಲ್ಲಿ ಶಾಂತಮ್ಮನ ಕೈಯಿಂದ ಸೌಟು ಬಿತ್ತು. "ಮೈಮೇಲೆ ಬಂದಿದೆ ಕಣ್ರೀ," ಎಂದು ಪಿಸುಗುಟ್ಟಿದರು.

ಇದರಲ್ಲಿ ದೈವದ ಪಾಲು ಏನೂ ಇರಲಿಲ್ಲ ಎಂದು ಇಲ್ಲೇ ಹೇಳಿಬಿಡುವುದು ಧರ್ಮ. ಗೋಡೆಯಾಚೆ ಜಯಾ ಹಳೇ ಕೇಬಲ್ಲಿನಲ್ಲಿ ಅದೇ ಮ್ಯಾಚು ನೋಡುತ್ತಿದ್ದರು. ಕಪ್ಪು ಡಬ್ಬಿ ಗೋಡೆ ದಾಟಿ ಮೇಷ್ಟ್ರ ಕಿವಿಗೆ ಮಾತು ಕಳಿಸುತ್ತಿತ್ತು. ಭೈರಪ್ಪನವರ ಇಂಟರ್ನೆಟ್ ಕ್ರಿಕೆಟ್ಟೋ, ಊರೆಲ್ಲ ಸುತ್ತಿ ಬರುವ ಮದುವೆ ದಿಬ್ಬಣದ ಹಾಗೆ: ಬರುವುದು ಖಂಡಿತ, ಆದರೆ ತಡ. ಹಿಂದಿನವರೆಲ್ಲ ತಡವಾಗಿ ಗದ್ದಲ ಮಾಡುವುದು ಮೇಷ್ಟ್ರಿಗೂ ಅರೆಬರೆ ಗೊತ್ತಾಯಿತು. ಇವರಿಗೆಲ್ಲ ಅರ್ಥವಾಗುವುದೇ ನಿಧಾನ ಎಂದು ಕನಿಕರಪಟ್ಟು ಸುಮ್ಮನಾದರು. ಸಂಸ್ಕೃತ ಕಲಿಸಿದವರಿಗೆ ಅದೇನು ಹೊಸದಲ್ಲ.

ಮ್ಯಾಚು ಮುಗಿದಾಗ ಭೈರಪ್ಪ ಬಂದು ಎದುರು ನಿಂತು, "ಮೇಷ್ಟ್ರೇ, ನಿಮಗೆ ಮುಂಚೇನೇ ಹೇಗೆ ಗೊತ್ತಾಗುತ್ತೆ?" ಎಂದರು.

"ಮುಂಚೆ ಎಲ್ಲಿ? ಕೇಳಿಸಿತು, ಹೇಳಿದೆ."

"ಕೇಳಿಸ್ತಂತೆ! ಕೇಳಿದ್ರೇನ್ರಪ್ಪಾ, ಇವರಿಗೆ ಕೇಳಿಸ್ತಂತೆ! ನಮಗ್ಯಾರಿಗಾದ್ರೂ ಕೇಳಿಸ್ತಾ?"

ಇನ್ನು ಹೆಚ್ಚು ಮಾತಾಡಿದರೆ ವಿಷಯ ಕಿವಿಗೆ ಬರುತ್ತದೆಂದು ಮೇಷ್ಟ್ರು ಕೂದಲು ಸವರಿಕೊಂಡು, "ಎಲ್ಲ ಗುರುಗಳ ದಯೆ," ಎಂದುಬಿಟ್ಟರು. ಆಮೇಲೆ ಆಸೆಯಿಂದ ಕೇಳಿದರು: "ಹಾಗಾದ್ರೆ ಮುಂದಿನ ಸಲ ನಾನು ಟಿವಿ ಕಡೆ ಕೂತ್ಕೋಬಹುದಾ?"

"ಎಲ್ಲಾದ್ರೂ ಉಂಟಾ! ಶಕ್ತಿ ಬರ್ತಿರೋದೇ ಗೋಡೆ ಕಡೆಯಿಂದ!"

ಮುಂದಿನ ಮ್ಯಾಚಿಗೆ ಪ್ಲಾಸ್ಟಿಕ್ ಕುರ್ಚಿಯ ಜಾಗದಲ್ಲಿ ಬೆತ್ತದ ಕುರ್ಚಿ, ದಿಂಬು ಬಂದವು. ಗೋಡೆಯ ಬುಡದಲ್ಲಿ ಶಾಂತಮ್ಮ ರಂಗೋಲಿ ಹಾಕಿದರು. ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಸರಿಸಿದರು. ಮೇಷ್ಟ್ರ ಮೂಗಿಗೆ ಸುಣ್ಣ ತಾಗುವುದೊಂದು ಬಾಕಿ.

ಸುದ್ದಿ ಹಾಲಿನ ಬೂತಿನಿಂದ ಹೊರಟು ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ನೀರಾವರಿ ಇಲಾಖೆಯ ಇಂಜಿನಿಯರ್ ಯೋಗೇಶ್ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. ಬಡ್ತಿಯ ಆಸೆಗೆ ದೂರದೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಹೆಂಡತಿ ಮಾತು ಬಿಟ್ಟಿದ್ದಳು. ಮ್ಯಾಚು ನಡೆಯುತ್ತಿದ್ದಾಗಲೇ ಮೇಷ್ಟ್ರ ಬೆನ್ನ ಹಿಂದೆ ಮಂಡಿಯೂರಿ, "ಸಾರ್, ನಾನು ಹೋಗ್ಲಾ, ಬೇಡ್ವಾ?" ಎಂದ.

ಮೇಷ್ಟ್ರಿಗೆ ಯೋಗೇಶನೂ ಕೇಳಿಸಲಿಲ್ಲ, ಅವನ ಬಾಳೆಹಣ್ಣೂ ಕಾಣಿಸಲಿಲ್ಲ. ಅವರ ಕಿವಿಯಲ್ಲಿ ನಮ್ಮ ಆಟಗಾರನೊಬ್ಬ ರನ್ ಔಟಾಗಿದ್ದ. "ಮೂರ್ಖ!" ಎಂದು ಗುಡುಗಿದರು ಗೋಡೆಗೆ. "ಇದ್ದಲ್ಲೇ ಇರ್ಬೇಕಿತ್ತು! ಯಾರು ಓಡು ಅಂದ್ರು ಇವನಿಗೆ?"

ಯೋಗೇಶ್ ಅಲ್ಲೇ ಸಾಷ್ಟಾಂಗ ಬಿದ್ದ. ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ಅರ್ಜಿ ವಾಪಸು ತೆಗೆದುಕೊಂಡ.

ಭೈರಪ್ಪನವರೂ ಬಿಡಲಿಲ್ಲ. ಮಾರಲು ಮಂಡಿಯಲ್ಲಿಟ್ಟಿದ್ದ ಹೊಳೆಹೊನ್ನೂರಿನ ಅಡಿಕೆ ಈಗ ಕೊಡುವುದೋ, ತಡೆಯುವುದೋ ಎಂದು ಮ್ಯಾಚಿನ ನಡುವೆ ಕೇಳಿದರು. "ಏನವಸರ! ಇನ್ನೂ ಬೇಕಾದಷ್ಟು ಓವರ್ ಇವೆ," ಎಂದರು ಮೇಷ್ಟ್ರು. ಅಡಿಕೆ ಮಂಡಿಯಲ್ಲೇ ಉಳಿಯಿತು.

ಈ ಕೀರ್ತಿ ಭದ್ರಾವತಿಯನ್ನು ಮುಟ್ಟದೆ ಇರುತ್ತದೆಯೇ? ಜಯಾ ಅವರ ತಮ್ಮ ಗೋವಿಂದ ಇದ್ದದ್ದು ನ್ಯೂಟೌನಿನಲ್ಲಿ. ಭಾವನ ಮಹಿಮೆಯನ್ನು ತನ್ನ ಗೆಳೆಯರ ಕ್ಲಬ್ಬಿನಲ್ಲಿ ಹೇಳಿ ಹೇಳಿ, ಕೊನೆಗೆ ಕರೆದುಕೊಂಡು ಬರುತ್ತೇನೆಂದು ಪಣ ತೊಟ್ಟು, ಸೆಮಿಫೈನಲ್ ದಿನ ಕಾರು ತಂದು ನಿಲ್ಲಿಸಿದ.

"ಭಾವ, ನಮ್ಮೂರಿನವರ ಮುಂದೆ ನನ್ನ ಮರ್ಯಾದೆ ಉಳಿಸ್ಬೇಕು."

"ಅಲ್ಲಿ ನಾನು ಟಿವಿ ಕಡೆ ಕೂರಬಹುದೇನೋ?" ಎಂದು ಮೇಷ್ಟ್ರು ಹುಮ್ಮಸ್ಸಿನಿಂದ ಹೊರಟರು. ಕ್ಲಬ್ಬಿನಲ್ಲಿ ನೋಡಿದರೆ ಗೋಡೆಗೆ ಆಗಲೇ ಮಾವಿನ ತೋರಣ ಕಟ್ಟಿದ್ದರು. ಕುರ್ಚಿ ಅದರ ಎದುರು.

ಮ್ಯಾಚು ಶುರುವಾಯಿತು. ಡಬ್ಬಿ ಇಲ್ಲಿಲ್ಲ, ಕಿವಿಯ ಮಷೀನು ಸುತ್ತಲಿನ ಸದ್ದನ್ನಷ್ಟೇ ಹಿಡಿಯುತ್ತಿತ್ತು. ಎಲ್ಲರೂ "ಫೋರ್!" ಎಂದು ಕೂಗಿ, ಚಪ್ಪಾಳೆ ತಟ್ಟಿ, ಕೂತು, ನೀರು ಕುಡಿದ ಮೇಲೆ ಮೇಷ್ಟ್ರು ಗಂಭೀರವಾಗಿ, "ಫೋರ್," ಎಂದರು.

"ಏನಪ್ಪಾ ಗೋವಿಂದಾ, ನಿಮ್ಮ ಸಾಮಿ ಪೇಪರ್ ಓದಿ ಹೇಳ್ತಾರಾ?" ಎಂದು ಹಿಂದಿನಿಂದ ಯಾರೋ ಅಂದರು. ಕ್ಲಬ್ಬು ಹೊಟ್ಟೆ ಹಿಡಿದು ನಕ್ಕಿತು. ಫ್ಯಾನಿನ ಗಾಳಿಗೆ ಮೇಷ್ಟ್ರು ಕೂತಲ್ಲೇ ನಿದ್ದೆ ಹೋದರು. ತೋರಣದ ಒಂದೆಲೆ ಬಿದ್ದು ಅವರ ಜಟೆಯಲ್ಲಿ ಸಿಕ್ಕಿಕೊಂಡಿತು.

ವಾಪಸು ಬಂದು ಗೋವಿಂದ ನಡೆದದ್ದನ್ನೆಲ್ಲ ಭೈರಪ್ಪನ ಮುಂದೆ ದೂರಿದ. ಆದರೆ ಭೈರಪ್ಪ ಸೋಲೊಪ್ಪುವವರೇ? "ಅದು ತುಂಗೆ ನೀರಿನ ಶಕ್ತಿ ಮಾರಾಯ! ಭದ್ರೆ ದಡದಲ್ಲಿ ಹೇಗೆ ನಡೆಯುತ್ತೆ? ಫೈನಲ್‌ಗೆ ಇಲ್ಲಿಗೇ ಬಾ, ತೋರಿಸ್ತೀನಿ!"

ಗೋವಿಂದನಿಗೆ ಭದ್ರಾವತಿಯ ಅಭಿಮಾನ ಕೆರಳಿತು. "ಭದ್ರೆ ನೀರಿಗೆ ಏನಾಗಿದೆಯಂತೆ? ಬಂದೇ ಬರ್ತೀನಿ."

ಫೈನಲ್ಲಿನ ಮಧ್ಯಾಹ್ನ ಭೈರಪ್ಪನವರ ಮನೆಯಲ್ಲಿ ಸೂಜಿ ಬಿದ್ದರೂ ಯಾರದೋ ಕಾಲಿನ ಮೇಲೇ ಬೀಳಬೇಕು, ಅಷ್ಟು ಜನ. ಯೋಗೇಶ್ ಕಚೇರಿಯ ಅರ್ಧ ಸಿಬ್ಬಂದಿಯನ್ನು ಕರೆತಂದಿದ್ದ. ಗೋವಿಂದ ಕೈಕಟ್ಟಿ ಬಾಗಿಲಿಗೆ ಒರಗಿ ನಿಂತಿದ್ದ. ಮೇಷ್ಟ್ರು ಗೋಡೆಯ ಮುಂದೆ ಕೂತು, ಒಂದಾದ ಮೇಲೊಂದು, ಫೋರು, ಸಿಕ್ಸು, ವಿಕೆಟ್ಟು ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಗೋವಿಂದನ ಕಟ್ಟಿದ ಕೈ ತಾನಾಗಿಯೇ ಬಿಚ್ಚಿ ಮುಗಿದುಕೊಂಡಿತು.

ಕೊನೆಯ ಓವರು ಬಂತು. ನಮ್ಮವರು ಗೆಲ್ಲಬಹುದು, ಸೋಲಬಹುದು, ಹಾಗೆ ತೂಗುತ್ತಿತ್ತು. ಉಗುರು ಇದ್ದವರು ಉಗುರು ಕಚ್ಚಿದರು, ಮುಗಿದವರು ಪಕ್ಕದವರ ತೋಳು ಹಿಡಿದರು.

ಜಯಾ ಅವರಿಗೆ ಒಂದು ಅಭ್ಯಾಸ. ಆಟ ಕುತ್ತಿಗೆಗೆ ಬಂದಾಗ ನೋಡಲಾಗದೆ ಚಾನೆಲ್ ಬದಲಿಸುತ್ತಿದ್ದರು. ಎದೆಬಡಿತ ಇಳಿದ ಮೇಲೆ ಮತ್ತೆ ಹಾಕುತ್ತಿದ್ದರು. ಈಗಲೂ ಗುಂಡಿ ಒತ್ತಿದರು. ಅಡುಗೆ ಕಾರ್ಯಕ್ರಮ ಬಂತು.

ಮೇಷ್ಟ್ರ ಕಿವಿಯಲ್ಲಿ ಕ್ರಿಕೆಟ್ ನಿಂತು, ಹೆಣ್ಣುದನಿಯೊಂದು ಇಂಪಾಗಿ ಮಾತಾಡಿತು. ಮೇಷ್ಟ್ರು ಬೆಚ್ಚಿ, ಕೇಳಿದ್ದನ್ನೇ ಜೋರಾಗಿ ಹೇಳಿದರು: "ಬೆಲ್ಲ ಹಾಕ್ಬೇಕಂತೆ?"

"ಬೆಲ್ಲ!" ಭೈರಪ್ಪ ಕೂತಲ್ಲಿಂದ ಎದ್ದರು. "ಬೆಲ್ಲ ಅಂದ್ರೆ ಸಿಹಿ. ಸಿಹಿ ಅಂದ್ರೆ ಗೆಲುವು! ಶಾಂತಾ, ಬೆಲ್ಲ ತಗೊಂಬಾ!"

"ಹುಣಸೆ ರಸ ಹಿಂಡಿ..." ಎಂದರು ಮೇಷ್ಟ್ರು, ಬೆವರುತ್ತ.

"ಹುಳಿಯೂ ಬಂತಲ್ಲ ಸಾರ್!" ಎಂದ ಯೋಗೇಶ್, ಭೈರಪ್ಪನ ತೋಳು ಹಿಡಿದು.

"ತಡಿ ಮಾರಾಯ, ಪೂರ್ತಿ ಕೇಳೋಣ," ಎಂದರು ಭೈರಪ್ಪ.

ಮೇಷ್ಟ್ರು ಕಣ್ಣು ಮುಚ್ಚಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಈಗ... ಪೂರ್ತಿ ಮುಚ್ಚಿಬಿಡಿ. ಸ್ವಲ್ಪ ಹೊತ್ತು ಯಾರೂ ತೆಗೆದು ನೋಡಬಾರದು. ನೋಡಿದರೆ ಎಲ್ಲ ಕೆಟ್ಟುಹೋಗುತ್ತೆ."

ಇಂಥ ಆಜ್ಞೆಯನ್ನು ಮೀರುವ ಎದೆ ಯಾರಿಗಿದೆ? ಭೈರಪ್ಪ ಮಂಚದ ಮೇಲಿನ ಹೊದಿಕೆಯನ್ನು ಎಳೆದು ತಂದು, ಕೊನೆಯ ಓವರಿನ ನಟ್ಟನಡುವೆ, ಬಾಗಿಲಿನಷ್ಟು ಅಗಲದ ಟಿವಿಯ ಮೇಲೆ ಹೊದಿಸಿಬಿಟ್ಟರು. "ಸದ್ದೂ ಬೇಡ!" ಎಂದು ಅದನ್ನೂ ಅಡಗಿಸಿದರು. ಇಡೀ ದೇಶ ಟಿವಿಗೆ ಕಣ್ಣು ನೆಟ್ಟಿದ್ದ ಆ ಗಳಿಗೆಯಲ್ಲಿ, ವಿನೋಬನಗರದ ಒಂದು ಮನೆಯಲ್ಲಿ ಊರಿಗೂರೇ ಕೂತು ಹೂವಿನ ಚಿತ್ರದ ಹೊದಿಕೆಯನ್ನು ನೋಡುತ್ತಿತ್ತು.

ಶಾಂತಮ್ಮ ಬೆಲ್ಲದ ಡಬ್ಬಿ ಹಿಡಿದು ನಿಂತಿದ್ದರು.

ಆಗ ಗೋಡೆಯಾಚೆಯಿಂದ ಕೇಳಿತು, ಹೆಂಚು ಹಾರುವಂಥ ಕೂಗು: "ಗೆದ್ವೀ! ಗೆದ್ವೀ!"

ಅದು ಜಯಾ ಅವರ ದನಿ. ಚಾನೆಲ್ ಮರಳಿ ಬಂದಿತ್ತು. ಮೇಷ್ಟ್ರ ಕಿವಿಯಲ್ಲೂ ಗದ್ದಲವೋ ಗದ್ದಲ. "ಗೆದ್ದರು! ಕೊನೇ ಚೆಂಡಿಗೆ ಸಿಕ್ಸರ್!" ಎಂದು ಕೂಗಿ ಮೇಷ್ಟ್ರು ಎದ್ದು ನಿಂತರು.

ಗೋವಿಂದ ನುಗ್ಗಿ ಹೊದಿಕೆ ಎಳೆದ. ಹೊಸ ಟಿವಿಯಲ್ಲಿ ಬೌಲರ್ ಇನ್ನೂ ಕೊನೆಯ ಚೆಂಡು ಹಿಡಿದು ಹಿಂದಕ್ಕೆ ನಡೆಯುತ್ತಿದ್ದ.

ಮೇಷ್ಟ್ರು ಮೆಲ್ಲಗೆ ಗೋಡೆಯಿಂದ ಇತ್ತ ತಿರುಗಿದರು. ಹೆಂಡತಿಯ ಕೂಗು ಮೊದಲು, ಚೆಂಡು ಆಮೇಲೆ: ಇಲ್ಲಿ ಆಟವೇ ತಡವಾಗಿ ಬರುತ್ತಿದೆ ಎಂದು ಅವರಿಗೆ ಈಗ ಹೊಳೆಯಿತು.

"ಬೇಡಿ! ತಿರುಗ್ಬೇಡಿ ಮೇಷ್ಟ್ರೇ! ಕಾಲಿಗೆ ಬೀಳ್ತೀನಿ!" ಎಂದು ಭೈರಪ್ಪ ಕಿರುಚಿದರು.

"ಆಗಿಹೋಗಿದೆ ಭೈರಪ್ಪ," ಎಂದರು ಮೇಷ್ಟ್ರು, ಕನ್ನಡಕ ಒರೆಸಿ ಹಾಕಿಕೊಳ್ಳುತ್ತ. "ಇನ್ನು ನಾನಲ್ಲ, ಸಾಕ್ಷಾತ್ ಶನಿಯೇ ನೋಡಿದ್ರೂ ಏನೂ ಮಾಡೋಕಾಗಲ್ಲ."

ನೋಡಿದರು. ಕಣ್ತುಂಬ ನೋಡಿದರು. ಚೆಂಡು ಬ್ಯಾಟಿಗೆ ತಾಗಿದ್ದು, ಏರಿದ್ದು, ಹಗ್ಗದಾಚೆ ಬಿದ್ದದ್ದು, ಒಂದನ್ನೂ ಬಿಡದೆ. "ಹೋ!" ಎಂದು ಎಲ್ಲರ ಜೊತೆ, ಎಲ್ಲರಷ್ಟೇ ತಡವಾಗಿ, ಎಲ್ಲರಿಗಿಂತ ಜೋರಾಗಿ ಕೂಗಿದರು.

ಅಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಜಯಾ ಬಾಗಿಲಿಗೆ ಬಂದರು. ಅವರನ್ನು ಕಂಡದ್ದೇ ತಡ, ಶಾಂತಮ್ಮ ಅರಿಶಿನ-ಕುಂಕುಮದ ಬಟ್ಟಲು ಹಿಡಿದು ಓಡಿದರು. "ಶಕ್ತಿ ಮೇಷ್ಟ್ರದ್ದಲ್ಲ ಕಣ್ರೀ! ಅಮ್ಮನೋರದ್ದು! ಗೋಡೆಯಾಚೆಯಿಂದ ಇವರೇ ನುಡಿಸ್ತಿದ್ರು!"

"ಏ ಶಾಂತಾ, ಬಿಡೇ ಮಾರಾಯ್ತಿ!" ಎಂದು ಜಯಾ ಕೈ ಕೊಡವಿಕೊಂಡರು. "ಯಾವ ಶಕ್ತಿಯೂ ಇಲ್ಲ. ನಮ್ಮನೇಲಿ ಕೇಬಲ್ಲು, ಬೇಗ ಬರುತ್ತೆ. ನಿಮ್ಮ ದೊಡ್ಡ ಟಿವೀಲಿ ತಡವಾಗಿ ಬರುತ್ತೆ. ನಮ್ಮ ಟಿವಿ ಸದ್ದು ಇವರ ಕಿವಿ ಮಷೀನಿಗೆ ಬೀಳುತ್ತೆ. ಅಷ್ಟೆ!"

"ಕಿವಿ ಮಷೀನಾ?" ಎಂದಿತು ಇಡೀ ನಡುಮನೆ.

ಜಯಾ ಗಂಡನ ಬೆಳ್ಳಿಕೂದಲನ್ನು ಪರದೆ ಸರಿಸಿದ ಹಾಗೆ ಸರಿಸಿ ತೋರಿಸಿದರು. ಕಡಲೆಕಾಳು ಎಲ್ಲರ ಕಣ್ಣಿಗೂ ಬಿತ್ತು.

"ಅಕ್ಕಾ, ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದ ಗೋವಿಂದ, ಅಳುವ ದನಿಯಲ್ಲಿ.

"ಮೊದಲ ಮ್ಯಾಚಿನ ದಿನವೇ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಇವರು ಮನೇಲೇ ಕೂತ್ಕೋತಿದ್ರು. ನಾನು ಮ್ಯಾಚ್ ನೋಡೋದು ಹೇಗೆ?"

ಯೋಗೇಶ್ ತಲೆಯ ಮೇಲೆ ಕೈ ಹೊತ್ತು ಕೂತ. "ನನ್ನ ಅರ್ಜಿ!" ಎಂದು ಗೋಳಾಡುತ್ತಿದ್ದವನು, ಅರ್ಜಿ ವಾಪಸು ಪಡೆದ ದಿನದಿಂದ ಹೆಂಡತಿ ಮಾತಾಡುತ್ತಿರುವುದು ನೆನಪಾಗಿ ಸುಮ್ಮನಾದ. ಭೈರಪ್ಪ ಮಾತ್ರ ಮೇಷ್ಟ್ರ ಹತ್ತಿರ ಬಂದು, ಬಗ್ಗಿ, ಆ ಕಿವಿಗೇ ಪಿಸುಗುಟ್ಟಿದರು: "ಎಲ್ಲಿ ಸಿಗುತ್ತೆ ಮೇಷ್ಟ್ರೇ ಇದು? ನಂಗೂ ಒಂದು ಬೇಕಿತ್ತು. ಶಾಂತಾಗೆ ಹೇಳ್ಬೇಡಿ."

ಮಾರನೇ ದಿನ ಮೇಷ್ಟ್ರು ಕ್ಷೌರದಂಗಡಿಗೆ ಹೋಗಿ, ಕಿವಿ ಎರಡೂ ಊರಿಗೆ ಕಾಣುವ ಹಾಗೆ ಕೂದಲು ಕತ್ತರಿಸಿಕೊಂಡು ಬಂದರು.

ಮುಂದಿನ ಸರಣಿಗೆ ರಸ್ತೆಯವರೆಲ್ಲ ಜಯಾ ಅವರ ನಡುಮನೆಯಲ್ಲೇ ಸೇರಿದರು. ತಂಗಳು ಕ್ರಿಕೆಟ್ ನೋಡಲು ಇನ್ನು ಭೈರಪ್ಪನೂ ತಯಾರಿರಲಿಲ್ಲ. ಟಿವಿ ಚಿಕ್ಕದು, ಚಿತ್ರದಲ್ಲಿ ಒಂದಿಷ್ಟು ಗೆರೆ, ಆದರೆ ಸುದ್ದಿ ಬಿಸಿ. ಡಬ್ಬಿಯನ್ನು ಅಂದು ಆರಿಸಿಟ್ಟಿದ್ದರು. ಮೇಷ್ಟ್ರು ಬೇರೆಯವರ ಹಾಗೆ ಎಲ್ಲರ ಮಾತನ್ನೂ ಕೇಳಲಿ ಎಂದು. ಮುಂದಿನ ಸಾಲಿನ ನಡುವಿನ ಕುರ್ಚಿ ಮೇಷ್ಟ್ರಿಗೆ. ಅವರು ನೋಡಿಯೂ ನಾವು ಗೆದ್ದದ್ದನ್ನು ಊರೇ ಕಂಡಿತ್ತಲ್ಲ, ಹಳೇ ಆರೋಪ ವಜಾ ಆಗಿತ್ತು. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬ ತೊಟ್ಟು, ಮಂಡಕ್ಕಿ ತಟ್ಟೆ ತೊಡೆಯ ಮೇಲಿಟ್ಟು, ಕನ್ನಡಕ ಒರೆಸಿ ಮೂಗಿಗೇರಿಸಿದರು.

ಮೊದಲ ಚೆಂಡು. ನಮ್ಮವನು ಬೌಲ್ಡ್.

ನಡುಮನೆಯ ತಲೆಗಳೆಲ್ಲ ಒಂದೊಂದಾಗಿ ಮೇಷ್ಟ್ರ ಕಡೆ ತಿರುಗಿದವು.

"ಮೇಷ್ಟ್ರೇ..." ಎಂದು ಭೈರಪ್ಪ ಗಂಟಲು ಸರಿಮಾಡಿಕೊಂಡರು. "ನಿಮ್ಮ ಮೇಲೆ ನಂಗೆ ಗೌರವ ಇದೆ..."

"ಏನೂಂದ್ರೆ," ಎಂದರು ಜಯಾ ಅತ್ತ ಕಡೆಯಿಂದ, "ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಗೋಡೆ ಕಡೆ..."

ಮೇಷ್ಟ್ರು ಅವಸರ ಮಾಡಲಿಲ್ಲ. ಬಾಯಲ್ಲಿದ್ದ ಮಂಡಕ್ಕಿಯನ್ನು ಅಗಿದು ನುಂಗಿದರು. ಆಮೇಲೆ ಕೈಯೆತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಕಿವಿಯಿಂದ ಕಡಲೆಕಾಳನ್ನು ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡರು.

ಭೈರಪ್ಪನ ಬಾಯಿ ಆಡುತ್ತಿತ್ತು. ಜಯಾ ಕೈ ತಿರುಗಿಸಿ ತಿರುಗಿಸಿ ಏನೋ ಹೇಳುತ್ತಿದ್ದರು. ಯೋಗೇಶ್ ಎದ್ದು ನಿಂತು ಗೋಡೆ ತೋರಿಸುತ್ತಿದ್ದ. ಎಷ್ಟು ಪ್ರಶಾಂತವಾಗಿತ್ತು! ಮೇಷ್ಟ್ರು ಎಲ್ಲರನ್ನೂ ನೋಡಿ ಒಮ್ಮೆ ನಕ್ಕು, ಮತ್ತೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಎರಡನೇ ಚೆಂಡು ನೋಡಲು ಮುಂದಕ್ಕೆ ಬಾಗಿದರು.